ಹಲ್ಲುನೋವಿಗೆ ನನ್ನ ಅಂಗಡಿಯಲ್ಲಿ ಔಷಧ ಇಲ್ಲ

ಹಳೇ ಹುಬ್ಬಳ್ಳಿಯಲ್ಲಿ ನನ್ನದೊಂದು ಸಣ್ಣ ಮೆಡಿಕಲ್ ಶಾಪ್ ಇದೆ. ರಾತ್ರಿ ಶಟರ್ ಅರ್ಧ ಎಳೆದ ಮೇಲೆ ಓಡಿ ಬರುವವರಲ್ಲಿ ಹಲ್ಲುನೋವಿನವರೇ ಜಾಸ್ತಿ. ಕೆನ್ನೆ ಹಿಡಿದುಕೊಂಡೇ ನಿಂತಿರುತ್ತಾರೆ, ಏನಾಗಿದೆ ಅಂತ ಕೇಳುವುದೇ ಬೇಕಿಲ್ಲ. "ಅಣ್ಣಾರ, ಹೋದ ಸಲ ಕೊಟ್ಟಿದ್ರಲ್ರೀ, ಅದ ಗುಳಿಗಿ ಕೊಡ್ರಿ. ಜೋಡಿ ಒಂದು ಆಂಟಿಬಯೋಟಿಕ್ ಹಾಕ್ರಿ, ನಾಳೆ ಮನ್ಯಾಗ ಮದುವಿ ಐತಿ." ನೋವಿನ ಗುಳಿಗೆ ಕೊಡುತ್ತೇನೆ. ಡಾಕ್ಟರ್ ಚೀಟಿ ಇಲ್ಲದೆ ಆಂಟಿಬಯೋಟಿಕ್ ಕೊಡುವುದಿಲ್ಲ. ಅದಕ್ಕೆ ಸಿಟ್ಟು ಮಾಡಿಕೊಂಡು "ಮುಂದಿನ ಅಂಗಡ್ಯಾಗ ಕೊಡ್ತಾರ" ಅಂತ ಹೊರಟುಬಿಡುತ್ತಾರೆ. ಹೋಗಲಿ ಬಿಡಿ. ಕೌಂಟರ್ ಮುಂದೆ ಐದು ಜನ ನಿಂತಿರುವಾಗ ವಿವರಿಸಿ ಹೇಳಲು ಆಗುವುದಿಲ್ಲವಲ್ಲ, ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಡೆಂಟಿಸ್ಟ್ ಅಲ್ಲ, ಫಾರ್ಮಸಿ ಓದಿದವನು. ಗುಳಿಗೆ ಮಾರಿಯೇ ಹೊಟ್ಟೆ ಹೊರೆಯುವವನು. ಹಾಗಿದ್ದೂ ಹೇಳುತ್ತೇನೆ, ಹಲ್ಲು ಹುಳುಕಾದರೆ ಗುಳಿಗೆಯಿಂದ ವಾಸಿ ಆಗುವುದಿಲ್ಲ. ಯಾಕೆ ಅಂದರೆ, ಹಲ್ಲಿನ ಮೇಲ್ಪದರ ಎನಾಮಲ್ ನಮ್ಮ ಮೈಯಲ್ಲೇ ಅತ್ಯಂತ ಗಟ್ಟಿ ವಸ್ತು. ತೂಕದಲ್ಲಿ ಶೇಕಡಾ 96ರಷ್ಟು ಬರೀ ಖನಿಜ. ಅದರಲ್ಲಿ ಜೀವಕೋಶ ಇಲ್ಲ, ರಕ್ತ ಇಲ್ಲ. ಕೈ ಕೊಯ್ದುಕೊಂಡರೆ ಚರ್ಮ ತಾನೇ ಕೂಡಿಕೊಳ್ಳುತ್ತದೆ, ಎನಾಮಲ್‌ನಲ್ಲಿ ತೂತು ಬಿದ್ದರೆ ತುಂಬಿಕೊಳ್ಳುವುದಿಲ್ಲ. ಅದರ ಕೆಳಗೆ ಡೆಂಟಿನ್ ಅನ್ನುವ ಸ್ವಲ್ಪ ಮೆತ್ತನೆ ಪದರ, ಅದರೊಳಗೆ ನರ ಮತ್ತು ರಕ್ತನಾಳ ಇರುವ ತಿರುಳು. ಹುಳುಕು ತಿರುಳಿನ ತನಕ ಹೋದರೆ ಅದು ಬಾತುಕೊಳ್ಳುತ್ತದೆ, ಆದರೆ ಸುತ್ತಲೂ ಗಟ್ಟಿ ಗೋಡೆ ಇರುವುದರಿಂದ ಬಾವು ಹಿಗ್ಗಲು ಜಾಗವೇ ಇಲ್ಲ. ರಾತ್ರಿ ಮಲಗಿದಾಗ ಜೀವ ಹಿಂಡುವ ನೋವು ಬರುವುದು ಅದಕ್ಕೇ. ಆಮೇಲೆ ತಿರುಳು ಸತ್ತು ಹೋಗುತ್ತದೆ. ಸತ್ತ ತಿರುಳಿಗೆ ರಕ್ತ ಹರಿಯುವುದಿಲ್ಲ. ರಕ್ತವೇ ಹೋಗದ ಜಾಗಕ್ಕೆ ನೀವು ನುಂಗಿದ ಆಂಟಿಬಯೋಟಿಕ್ ಹೇಗೆ ಹೋಗಬೇಕು ಹೇಳಿ?

ಮೂರು ದಿನ ಗುಳಿಗೆ ತಗೊಂಡ ಮೇಲೆ ನೋವು ಹೋಯಿತು ಅಂತ ಖುಷಿಯಾಗಿ ಬರುವವರೂ ಇದ್ದಾರೆ. ಎಷ್ಟೋ ಸಲ ಆ ನೋವು ಹೋಗಿದ್ದು ನರ ಸತ್ತಿದ್ದಕ್ಕೆ. ಕೆಲವು ತಿಂಗಳ ನಂತರ ಬೇರಿನ ತುದಿಯಲ್ಲಿ ಕೀವು ಆಗಿ ಮುಖ ಊದಿಕೊಂಡು ಮತ್ತೆ ಬರುತ್ತಾರೆ. ಆಂಟಿಬಯೋಟಿಕ್‌ಗೆ ಕೆಲಸವೇ ಇಲ್ಲ ಅಂತಲ್ಲ. ಸೋಂಕು ಹಲ್ಲು ದಾಟಿ ಹರಡಿ, ಊತ, ಜ್ವರ ಬಂದಾಗ ಡಾಕ್ಟರೇ ಬರೆಯುತ್ತಾರೆ, ಅದೂ ಹಲ್ಲಿನ ಕೆಲಸದ ಜೊತೆಗೆ. ಊತ ಕಣ್ಣಿನ ಕಡೆ ಅಥವಾ ಕುತ್ತಿಗೆ ಕಡೆ ಇಳಿದರೆ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟ ಆದರೆ ನನ್ನ ಅಂಗಡಿಗೂ ಬರಬೇಡಿ, ಬೆಳಗಾಗಲಿ ಅಂತಲೂ ಕಾಯಬೇಡಿ, ಸೀದಾ ದೊಡ್ಡ ಆಸ್ಪತ್ರೆಗೆ ಹೋಗಿ.

ಮನೆಮದ್ದಿನಲ್ಲಿ ಲವಂಗದ ಎಣ್ಣೆಗೆ ನಾನು ಮರ್ಯಾದೆ ಕೊಡುತ್ತೇನೆ. ಅದರಲ್ಲಿರುವ ಯುಜೆನಾಲ್ ನಿಜವಾಗಿಯೂ ನೋವು ತಗ್ಗಿಸುತ್ತದೆ. ಡೆಂಟಿಸ್ಟ್‌ಗಳು ತಾತ್ಕಾಲಿಕವಾಗಿ ತುಂಬುವ ಒಂದು ಸಿಮೆಂಟಿನಲ್ಲಿ ಇರುವುದೂ ಅದೇ, ಕ್ಲಿನಿಕ್ಕಿನಲ್ಲಿ ಲವಂಗದ ವಾಸನೆ ಬರುವುದು ಅದರಿಂದಲೇ. ಆದರೆ ಹತ್ತಿಯಲ್ಲಿ ಅದ್ದಿ ಇಡೀ ರಾತ್ರಿ ಒತ್ತಿ ಹಿಡಿದರೆ ಒಸಡು ಸುಡುತ್ತದೆ. ಆಸ್ಪಿರಿನ್ ಗುಳಿಗೆಯನ್ನು ಹಲ್ಲಿನ ಪಕ್ಕ ಇಟ್ಟುಕೊಳ್ಳುವವರು ಇನ್ನೂ ಇದ್ದಾರೆ, ಕೆನ್ನೆಯ ಒಳಗೆ ಬೆಳ್ಳಗೆ ಸುಟ್ಟ ಗಾಯ ಆಗುತ್ತದೆ ಅಷ್ಟೇ. ಗುಳಿಗೆ ನುಂಗಲು ಇರುವುದು. ಜಾತ್ರೆಯಲ್ಲಿ ಹಲ್ಲಿನಿಂದ ಹುಳ ತೆಗೆದು ಅಂಗೈ ಮೇಲೆ ತೋರಿಸುವವರ ಬಗ್ಗೆ ನಾನೇನೂ ಹೇಳುವುದಿಲ್ಲ, ನೀವೇ ತಿಳಿದುಕೊಳ್ಳಿ.

ಹಾಗಾದರೆ ಏನು ಮಾಡಬೇಕು? ಹುಳುಕು ಚಿಕ್ಕದಿದ್ದಾಗ, ಅಂದರೆ ನೋವು ಇಲ್ಲದಿದ್ದಾಗ, ಹೋಗಿ ತುಂಬಿಸಿಕೊಳ್ಳಬೇಕು. ನೋವಿಲ್ಲದ ಹಲ್ಲಿಗೆ ರೊಕ್ಕ ಖರ್ಚು ಮಾಡುವುದು ಅಂದರೆ ನಮ್ಮ ಜನಕ್ಕೆ ಹುಚ್ಚುತನ. ಆದರೆ ಲೆಕ್ಕ ನೋಡಿ. ಸಿಮೆಂಟ್ ತುಂಬಿಸುವುದು ನೂರರ ಲೆಕ್ಕದ ಖರ್ಚು, ಅದೇ ಹಲ್ಲನ್ನು ಒಂದೆರಡು ವರ್ಷ ಬಿಟ್ಟರೆ ರೂಟ್ ಕೆನಾಲ್ ಮತ್ತು ಕ್ಯಾಪ್ ಸೇರಿ ಸಾವಿರಗಳ ಲೆಕ್ಕ, ಅದನ್ನೂ ಬಿಟ್ಟು ಕೀಳಿಸಿದರೆ ಆ ಜಾಗಕ್ಕೆ ಹೊಸ ಹಲ್ಲು ಕೂರಿಸಲು ಇನ್ನೂ ಜಾಸ್ತಿ. ಜೋಳ ಮಾರುವ ವ್ಯಾಪಾರಿಗೂ ತಿಳಿಯುವ ಲೆಕ್ಕ ಇದು, ಹಲ್ಲಿನ ವಿಷಯ ಬಂದಾಗ ಮಾತ್ರ ಯಾಕೋ ಯಾರಿಗೂ ಹೊಳೆಯುವುದಿಲ್ಲ.

ತುಂಬುವ ವಸ್ತುವಿನಲ್ಲಿ ಮೂರು ಬಗೆ. ಹಳೆಯದು ಬೆಳ್ಳಿ ಬಣ್ಣದ ಅಮಾಲ್ಗಮ್, ಅರ್ಧದಷ್ಟು ಪಾದರಸ ಇರುವಂಥದ್ದು. ಗಟ್ಟಿ ಬಾಳಿಕೆಯದ್ದು, ನಮ್ಮ ಅಪ್ಪನ ಕಾಲದ ಎಷ್ಟೋ ಬಾಯಿಗಳಲ್ಲಿ ಇನ್ನೂ ಇದೆ. ಆದರೆ 2013ರ ಮಿನಮಾಟಾ ಒಪ್ಪಂದದ ನಂತರ ಪಾದರಸದ ಬಳಕೆಯನ್ನೇ ಜಗತ್ತು ತಗ್ಗಿಸುತ್ತಾ ಬಂದಿದೆ, ಹಾಗಾಗಿ ಈಗ ಅದು ಕಡಿಮೆ. ಬಾಯಲ್ಲಿ ಹಳೆಯದು ಗಟ್ಟಿಯಾಗಿ ಕೂತಿದ್ದರೆ ಹೆದರಿ ಕೀಳಿಸಬೇಕಾದ್ದೇನಿಲ್ಲ. ಎರಡನೆಯದು ಹಲ್ಲಿನ ಬಣ್ಣದ ಕಾಂಪೋಸಿಟ್. ಹಲ್ಲಿನ ಮೇಲೆ ಸ್ವಲ್ಪ ಆಸಿಡ್ ಹಚ್ಚಿ ತೊಳೆದು, ಅಂಟು ಸವರಿ, ತೆಳು ತೆಳು ಪದರ ಹಾಕುತ್ತಾ ನೀಲಿ ಬೆಳಕಿನಿಂದ ಗಟ್ಟಿ ಮಾಡುತ್ತಾರೆ. ಪದರ ಸುಮಾರು 2 ಮಿಲಿಮೀಟರಿಗಿಂತ ದಪ್ಪ ಆದರೆ ಬೆಳಕು ತಳ ಮುಟ್ಟುವುದಿಲ್ಲ, ಎಂಜಲು ತಾಗಿದರೆ ಅಂಟು ಹಿಡಿಯುವುದಿಲ್ಲ. ಅದಕ್ಕೇ ಈ ಕೆಲಸ ನಿಧಾನ. ಐದು ನಿಮಿಷದಲ್ಲಿ ಮುಗಿಸಿ ಕಳಿಸುವವರ ಹತ್ತಿರ ಮಾಡಿಸಬೇಡಿ ಅಂತಲೇ ನನ್ನ ಸಲಹೆ. ಮೂರನೆಯದು ಗ್ಲಾಸ್ ಐಯೊನೊಮರ್, ಅಷ್ಟು ಗಟ್ಟಿಯಲ್ಲ, ಆದರೆ ತಾನಾಗಿಯೇ ಹಲ್ಲಿಗೆ ಅಂಟಿಕೊಳ್ಳುತ್ತದೆ, ಫ್ಲೋರೈಡ್ ಬಿಡುತ್ತಿರುತ್ತದೆ, ಮಕ್ಕಳ ಹಾಲು ಹಲ್ಲಿಗೆ ಮತ್ತು ಒಸಡಿನ ಹತ್ತಿರದ ಸವೆತಕ್ಕೆ ಒಳ್ಳೆಯದು.

ಒಸಡಿನ ಹತ್ತಿರದ ಸವೆತ ಅಂದೆನಲ್ಲ, ಅದಕ್ಕೆ ಕಾರಣ ನಮ್ಮ ಕೈಯೇ. "ಹಾರ್ಡ್ ಬ್ರಷ್ ಕೊಡ್ರಿ, ಸಾಫ್ಟ್‌ನಾಗ ತಿಕ್ಕಿದಂಗ ಆಗಂಗಿಲ್ಲ" ಅನ್ನುವ ಹಿರಿಯರು ದಿನವೂ ಬರುತ್ತಾರೆ. ಬೂದಿ, ಇದ್ದಿಲು, ಇಟ್ಟಿಗೆ ಪುಡಿಯಲ್ಲಿ ತಿಕ್ಕಿ ರೂಢಿಯಾದ ಕೈಗಳು ಅವು. ವರ್ಷಗಟ್ಟಲೆ ಅಡ್ಡಡ್ಡ ತಿಕ್ಕಿದರೆ ಒಸಡಿನ ಅಂಚಿನಲ್ಲಿ ಹಲ್ಲು ಕಚ್ಚು ಬಿದ್ದ ಹಾಗೆ ತೆಗ್ಗಾಗುತ್ತದೆ, ತಣ್ಣನೆ ನೀರು ತಾಗಿದರೆ ಜುಂ ಅನ್ನುತ್ತದೆ. ಆಗ ಸೆನ್ಸಿಟಿವ್ ಪೇಸ್ಟ್ ಒಯ್ಯುತ್ತಾರೆ. ಅದು ಕೆಲಸ ಮಾಡುತ್ತದೆ, ಆದರೆ ಎರಡು ದಿನಕ್ಕಲ್ಲ, ವಾರಗಟ್ಟಲೆ ಬಿಡದೆ ಬಳಸಿದರೆ. ಜುಂ ಅನ್ನುವುದು ಒಂದೇ ಹಲ್ಲಿನಲ್ಲಿದ್ದರೆ, ನೀರು ನುಂಗಿದ ಮೇಲೂ ನೋವು ಉಳಿದರೆ, ಪೇಸ್ಟ್ ಬಿಟ್ಟು ಡೆಂಟಿಸ್ಟ್ ಹತ್ತಿರ ಹೋಗಿ.

ಈಗ ರೂಟ್ ಕೆನಾಲ್. ಈ ಹೆಸರು ಕೇಳಿದರೆ ಜನ ಹೆದರುವಷ್ಟು ಇನ್ಯಾವುದಕ್ಕೂ ಹೆದರುವುದಿಲ್ಲ. ನೋವು ಮಾಡುವುದು ರೂಟ್ ಕೆನಾಲ್ ಅಲ್ಲ, ಅದಕ್ಕೆ ಮೊದಲು ಇದ್ದ ರೋಗ. ಲಿಗ್ನೊಕೇನ್ ಸೂಜಿ ಹಾಕಿ ಮರಗಟ್ಟಿಸಿ, ಸಾಧ್ಯವಾದರೆ ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿ, ಮೇಲಿನಿಂದ ದಾರಿ ಮಾಡಿ ಸತ್ತ ತಿರುಳನ್ನು ಸಣ್ಣ ಸಣ್ಣ ಫೈಲ್‌ಗಳಿಂದ ತೆಗೆಯುತ್ತಾರೆ. ಬೇರಿನೊಳಗೆ ತಿರುಳು ಇರುವ ಸಣ್ಣ ಕೊಳವೆಗೆ ನಾಳ ಅನ್ನುತ್ತಾರೆ, ಮುಂದಿನ ಹಲ್ಲಿಗೆ ಸಾಮಾನ್ಯವಾಗಿ ಅದು ಒಂದೇ. ದವಡೆ ಹಲ್ಲಿಗೆ ಮೂರು, ಎಷ್ಟೋ ಸಲ ನಾಲ್ಕು. ಒಂದು ನಾಳ ಕಣ್ಣಿಗೆ ಬೀಳದೆ ಉಳಿದರೂ ನೋವು ವಾಪಸ್ ಬರುತ್ತದೆ, ಹಾಗಾಗಿ ದವಡೆ ಹಲ್ಲಿನ ಕೆಲಸಕ್ಕೆ ಜಾಸ್ತಿ ಹೊತ್ತು, ಜಾಸ್ತಿ ರೊಕ್ಕ. ನಾಳಗಳನ್ನು ಹೈಪೋಕ್ಲೋರೈಟ್ ಅನ್ನುವ ದ್ರಾವಣದಿಂದ ತೊಳೆಯುತ್ತಾರೆ. ಬಟ್ಟೆಗೆ ಹಾಕುವ ಬ್ಲೀಚಿನಲ್ಲಿ ಇರುವುದೂ ಅದೇ ರಾಸಾಯನಿಕ. ಕೊನೆಗೆ ಗಟಾ ಪರ್ಚಾ ಅಂತ ಒಂದು ಮರದ ಹಾಲಿನಿಂದ ಮಾಡಿದ, ರಬ್ಬರಿನಂಥ ಕಡ್ಡಿಗಳನ್ನು ತುಂಬಿ ಮುಚ್ಚುತ್ತಾರೆ. ನಾನು ಮಾರುವ ಯಾವ ಗುಳಿಗೆಯೂ ಮುಟ್ಟಲಾಗದ ಜಾಗವನ್ನು ಕೈಯಿಂದ ಸ್ವಚ್ಛ ಮಾಡುವ ಕೆಲಸ ಇದು.

ಇಲ್ಲೇ ನಮ್ಮ ಜನ ದೊಡ್ಡ ತಪ್ಪು ಮಾಡುವುದು. ನೋವು ನಿಂತಿತು, ತಾತ್ಕಾಲಿಕ ಸಿಮೆಂಟ್ ಕೂತಿದೆ, ಇನ್ಯಾಕೆ ಕ್ಯಾಪ್? "ಸುಮ್ನೆ ರೊಕ್ಕಾ ಕೀಳಾಕ ಹೇಳ್ತಾರ್ರಿ" ಅಂತ ನನಗೇ ಹೇಳುತ್ತಾರೆ. ಇಲ್ಲ ಸ್ವಾಮಿ. ಹುಳುಕು ತಿಂದಿದ್ದು ಅರ್ಧ, ನಾಳಕ್ಕೆ ದಾರಿ ಮಾಡಲು ಕೊರೆದಿದ್ದು ಸ್ವಲ್ಪ, ಉಳಿದದ್ದು ತೆಳು ಗೋಡೆ. ಊಟ ಮಾಡುವಾಗ ಜೋರು ಬೀಳುವುದು ದವಡೆ ಹಲ್ಲಿನ ಮೇಲೆಯೇ, ಅದೂ ನಾವು ಕಡಕ್ ರೊಟ್ಟಿ ಕಡಿಯುವ ಮಂದಿ, ಶೇಂಗಾ ಹಿಂಡಿಯಲ್ಲಿ ಒಂದು ಹರಳು ಸಿಕ್ಕರೂ ಆಯಿತು, ಗೋಡೆ ಸೀಳಿ ಬೇರಿನ ತನಕ ಬಿರುಕು ಹೋಗುತ್ತದೆ. ಬೇರೇ ಸೀಳಿದ ಹಲ್ಲನ್ನು ಉಳಿಸಲು ಆಗುವುದಿಲ್ಲ, ಕೀಳಲೇಬೇಕು. ಚಕ್ಕಡಿಯ ಗಾಲಿಗೆ ಸುತ್ತಲೂ ಕಬ್ಬಿಣದ ಪಟ್ಟಿ ಬಿಗಿಯುತ್ತಾರಲ್ಲ, ಕಟ್ಟಿಗೆ ಬಿಚ್ಚಿಕೊಳ್ಳದ ಹಾಗೆ, ಕ್ಯಾಪ್ ಮಾಡುವ ಕೆಲಸ ಅದೇ. ಅಷ್ಟು ಕಷ್ಟಪಟ್ಟು ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಬಿಟ್ಟರೆ ಮೊದಲು ಕೊಟ್ಟ ರೊಕ್ಕವೂ ನೀರಿಗೆ ಹೋದಂತೆ. ಮುಂದಿನ ಹಲ್ಲಿಗೆ ಮಾತ್ರ ಬೇರೆ ಮಾತು, ಹೆಚ್ಚು ಒಡೆದಿರದಿದ್ದರೆ ಬರೀ ಫಿಲ್ಲಿಂಗ್ ಸಾಕಾಗಬಹುದು. ಕೇಳಿ ತಿಳಿದುಕೊಳ್ಳಿ.

ಕ್ಯಾಪಿನಲ್ಲಿ ಯಾವುದು ಅಂತ ಕೇಳಿದರೆ, ಹಿಂದಿನ ದವಡೆಗೆ ಬರೀ ಲೋಹದ್ದು ಹಾಕಿಸಿದರೂ ಏನೂ ಕೊರತೆ ಇಲ್ಲ. ಅಗ್ಗ, ತೆಳು ಇದ್ದರೂ ಗಟ್ಟಿ, ಕೂರಿಸಲು ಹಲ್ಲನ್ನು ಜಾಸ್ತಿ ಕೊರೆದು ಸಣ್ಣ ಮಾಡುವುದು ಬೇಕಿಲ್ಲ. ಲೋಹದ ಮೇಲೆ ಪಿಂಗಾಣಿ ಕೂರಿಸಿದ್ದು ನಡುವಿನದ್ದು, ಆ ಪಿಂಗಾಣಿ ಒಮ್ಮೊಮ್ಮೆ ಚಕ್ಕೆ ಏಳುತ್ತದೆ. ಜಿರ್ಕೋನಿಯಾ ದುಬಾರಿ, ಬಣ್ಣಕ್ಕೂ ಚೆಂದ, ಗಟ್ಟಿಯೂ ಹೌದು. ನಗುವಾಗ ಕಾಣದ ಹಲ್ಲಿಗೆ ಚೆಂದದ ಕ್ಯಾಪ್ ಬೇಕಾ ಅನ್ನುವುದು ನಿಮ್ಮ ಜೇಬಿಗೆ ಬಿಟ್ಟದ್ದು.

ಖರ್ಚಿನ ಚಿಂತೆ ಇದ್ದವರಿಗೆ ನಾನು ಹೇಳುವುದು ಸತ್ತೂರಿನ ಎಸ್‌ಡಿಎಂ ಡೆಂಟಲ್ ಕಾಲೇಜು. 1986ರಲ್ಲಿ ಶುರುವಾದದ್ದು, ಹುಬ್ಬಳ್ಳಿ-ಧಾರವಾಡ ನಡುವೆ ಚಿಗರಿ ಬಸ್ಸಿನ ದಾರಿಯಲ್ಲೇ ಇದೆ. ಕಾಲೇಜು ಆಸ್ಪತ್ರೆ ಅಂದರೆ ಕಲಿಯುವ ಹುಡುಗರು ಮಾಡುತ್ತಾರೆ ಅಂತ ಹಿಂಜರಿಯುತ್ತಾರೆ. ಹೌದು, ಹೊತ್ತು ಹಿಡಿಯುತ್ತದೆ, ಮತ್ತೆ ಮತ್ತೆ ಬರಲು ಹೇಳುತ್ತಾರೆ. ಆದರೆ ಪ್ರತಿ ಹಂತದಲ್ಲೂ ಮೇಷ್ಟ್ರು ಬಂದು ನೋಡಿ ಸರಿ ಅಂದ ಮೇಲೆಯೇ ಮುಂದಿನ ಹೆಜ್ಜೆ. ಹೊತ್ತಿದ್ದವರಿಗೆ ಅದು ಲಾಭವೇ. ಬಿಪಿಎಲ್ ಕಾರ್ಡಿನ ಹಿರಿಯರಿಗೆ ಬಾಯಲ್ಲಿ ಹಲ್ಲೇ ಉಳಿದಿಲ್ಲದಿದ್ದರೆ ಸರ್ಕಾರದ ದಂತಭಾಗ್ಯ ಯೋಜನೆಯಲ್ಲಿ ಉಚಿತ ಹಲ್ಲಿನ ಸೆಟ್ ಸಿಗುತ್ತದೆ, ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ.

ಕಿತ್ತ ಹಲ್ಲಿನ ಜಾಗ ಖಾಲಿ ಬಿಟ್ಟರೆ ಪಕ್ಕದವು ಅತ್ತ ವಾಲುತ್ತವೆ, ಎದುರಿನದ್ದು ಇಳಿಯುತ್ತದೆ. ಬ್ರಿಜ್, ಅಂದರೆ ಪಕ್ಕದ ಹಲ್ಲುಗಳ ಆಧಾರದ ಮೇಲೆ ನಿಲ್ಲುವ ಕಟ್ಟು ಹಲ್ಲು ಹಾಕಿಸಿದರೆ ಎರಡೂ ಪಕ್ಕದ ಒಳ್ಳೆ ಹಲ್ಲುಗಳನ್ನು ಕೊರೆದು ಸಣ್ಣ ಮಾಡಬೇಕಾಗುತ್ತದೆ. ಇಂಪ್ಲಾಂಟ್‌ನಲ್ಲಿ ಅದು ಬೇಡ, ಟೈಟೇನಿಯಂ ಸ್ಕ್ರೂ ಎಲುಬಿನ ಜೊತೆ ಬೆಸೆದುಕೊಳ್ಳುತ್ತದೆ, ಸ್ವೀಡನ್ನಿನ ಡಾಕ್ಟರ್ ಬ್ರೋನೆಮಾರ್ಕ್ 1965ರಲ್ಲಿ ಮೊದಲ ರೋಗಿಗೆ ಕೂರಿಸಿದರು. ಆದರೆ ರೊಕ್ಕ ಬೇಕು, ತಿಂಗಳುಗಳ ತಾಳ್ಮೆ ಬೇಕು, ಬೀಡಿ ಸಿಗರೇಟು ಬಿಡಬೇಕು.

ಗುಟ್ಕಾ ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಕರ್ನಾಟಕದಲ್ಲಿ 2013ರಿಂದ ಗುಟ್ಕಾ ಬಂದ್. ಪಾನ್ ಮಸಾಲಾದ್ದು, ತಂಬಾಕಿನದ್ದು ಅಂತ ಎರಡು ಬೇರೆ ಬೇರೆ ಚೀಟು ತಗೊಂಡು ಕೈಯಲ್ಲೇ ಕಲಸಿಕೊಂಡರೆ ಆಯಿತು, ಬಂದ್ ಎಲ್ಲಿ ಬಂತು? ಅಡಿಕೆ ಅಗಿದು ಅಗಿದು ಕೆನ್ನೆಯ ಒಳಭಾಗ ಗಡುಸಾಗಿ ಬಾಯಿ ತೆರೆಯುವುದೇ ಕಡಿಮೆ ಆಗುತ್ತದೆ. ಎರಡು ಬೆರಳು ಹೋಗದ ಬಾಯಲ್ಲಿ ಹಿಂದಿನ ದವಡೆಗೆ ಡೆಂಟಿಸ್ಟ್ ಮಷಿನ್ ಹೇಗೆ ಒಯ್ಯಬೇಕು? ಇಂಥವರಿಗೆ ರೂಟ್ ಕೆನಾಲ್ ಬೇಕಿದ್ದರೂ ಮಾಡಲು ಆಗದೇ ಹೋಗುತ್ತದೆ. ಅದೇ ರೋಗ ಮುಂದೆ ಕ್ಯಾನ್ಸರಿಗೂ ತಿರುಗಬಹುದು. ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸಿನ ಹುಡುಗರು ಬಾಯಿ ಉರಿ ಅಂತ ಜೆಲ್ ಕೇಳಲು ಬಂದಾಗ ನನಗೆ ಸಿಟ್ಟೇ ಬರುತ್ತದೆ.

ಕ್ಲೀನಿಂಗ್ ಬಗ್ಗೆ ಒಂದು ಮಾತು. "ಮಾಡಿಸಿದ್ರ ಹಲ್ಲು ಸಡ್ಲ ಆಗ್ತಾವಂತ" ಅನ್ನುವ ನಂಬಿಕೆ ಗದಗಿನಿಂದ ಹಾವೇರಿ ತನಕ ಒಂದೇ. ಹಲ್ಲಿನ ಬುಡದ ಕೊಳೆ ಗಟ್ಟಿಯಾಗಿ ಗಾರೆ ಕಟ್ಟಿ ಒಸಡು ಹಿಂದೆ ಸರಿದು, ಎಲುಬು ಕರಗಿ ಹಲ್ಲು ಮೊದಲೇ ಸಡಿಲಾಗಿರುತ್ತದೆ, ಆ ಗಾರೆಯೇ ಹಲ್ಲುಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುತ್ತದೆ. ಅದನ್ನು ತೆಗೆದಾಗ ಸಂದು ಕಾಣುತ್ತದೆ, ಹಲ್ಲು ಅಲುಗಿದ್ದು ಗೊತ್ತಾಗುತ್ತದೆ. ತೆಗೆಯದಿದ್ದರೆ ಎಲುಬು ಕರಗುತ್ತಲೇ ಹೋಗುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಇನ್ನೂ ಬೇಗ.

ಮಕ್ಕಳ ವಿಷಯದಲ್ಲಿ ನಾನು ಗಿರಾಕಿಗಳನ್ನು ಬಲವಂತವಾಗಿ ನಿಲ್ಲಿಸಿಯಾದರೂ ಹೇಳುವುದು ಆರನೇ ವರ್ಷದ ದವಡೆ ಹಲ್ಲು. ಆರರ ಹೊತ್ತಿಗೆ ಹಾಲು ಹಲ್ಲುಗಳ ಹಿಂದೆ ಹೊಸದೊಂದು ಹುಟ್ಟುತ್ತದೆ. ಆ ಜಾಗದಲ್ಲಿ ಯಾವ ಹಲ್ಲೂ ಬಿದ್ದಿರುವುದಿಲ್ಲ, ಅದಕ್ಕೇ ಇದೂ ಹಾಲು ಹಲ್ಲೇ, ಬಿದ್ದು ಮತ್ತೆ ಬರುತ್ತದೆ ಅಂದುಕೊಳ್ಳುತ್ತಾರೆ. ಇಲ್ಲ, ಅದು ಜೀವನಪೂರ್ತಿ ಇರಬೇಕಾದದ್ದು. ಅದರ ಮೇಲಿನ ಆಳ ಗೆರೆಗಳಲ್ಲಿ ಬ್ರಷ್ ಹೋಗುವುದಿಲ್ಲ, ಹುಳುಕು ಅಲ್ಲೇ ಶುರು. ಆ ಗೆರೆಗಳನ್ನು ಸೀಲಂಟ್ ಅಂತ ಒಂದು ತೆಳು ಲೇಪದಿಂದ ಮುಚ್ಚಿಬಿಡಬಹುದು. ಸೂಜಿ ಇಲ್ಲ, ಕೊರೆಯುವುದಿಲ್ಲ, ನೋವಿಲ್ಲ. ಇಷ್ಟು ಸುಲಭದ್ದನ್ನು ಕೇಳಿ ಮಾಡಿಸುವವರು ನಮ್ಮ ಓಣಿಯಲ್ಲಿ ಯಾರೂ ಇಲ್ಲ. ಹಾಲು ಹಲ್ಲು ಹೇಗಿದ್ದರೂ ಬೀಳುತ್ತದೆ ಅಂತ ಹುಳುಕು ಬಿಡುವುದೂ ಸರಿಯಲ್ಲ, ಹಿಂದಿನ ಹಾಲು ದವಡೆಗಳು ಹತ್ತು ಹನ್ನೆರಡು ವರ್ಷದ ತನಕ ಇದ್ದು ಹೊಸ ಹಲ್ಲಿಗೆ ಜಾಗ ಕಾಯುತ್ತವೆ. ಅವಕ್ಕೂ ಸ್ಟೀಲಿನ ಕ್ಯಾಪ್ ಸಿಗುತ್ತದೆ.

ಇನ್ನು ಫ್ಲೋರೈಡ್. ಇದು ನಮ್ಮ ಕಡೆ ಎರಡು ಮುಖದ ವಿಷಯ. ಗದಗ ಜಿಲ್ಲೆಯ ಮುಂಡರಗಿ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ನಡೆಯುತ್ತದೆ ಅನ್ನುತ್ತದೆ ನಮ್ಮ ದೇಶದ ಮಾನದಂಡ. ಅದಕ್ಕಿಂತ ಹೆಚ್ಚಿನ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನಲ್ಲಿ ಬಿಳಿ, ಕಂದು ಪಟ್ಟೆ ಬರುತ್ತವೆ. ದವಡೆಯೊಳಗೆ ಹಲ್ಲು ತಯಾರಾಗುವ ಮೊದಲ ಎಂಟು ವರ್ಷಗಳಲ್ಲಿ ಆಗುವ ಕಲೆ ಅದು, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ನೀರು ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ, ಆವಿಯಾಗಿ ಉಳಿದ ನೀರಿನಲ್ಲಿ ಇನ್ನೂ ಗಟ್ಟಿಯಾಗುತ್ತದೆ. ಶುದ್ಧ ನೀರಿನ ಘಟಕದ ಆರ್‌ಓ ನೀರೇ ದಾರಿ. ದೊಡ್ಡವರಾದ ಮೇಲೆ ಕಲೆ ತೆಳುವಿದ್ದರೆ ಮೇಲ್ಪದರ ತುಸು ಉಜ್ಜಿ, ಬ್ಲೀಚ್ ಮಾಡಿ ತಗ್ಗಿಸಬಹುದು. ಗಾಢವಿದ್ದರೆ ಮುಂದಿನ ಹಲ್ಲಿಗೆ ಕಾಂಪೋಸಿಟ್ ಅಥವಾ ವೆನೀರ್ ಅನ್ನುವ ತೆಳು ಹೊದಿಕೆ ಹೊದಿಸುತ್ತಾರೆ. ಆ ಕಡೆಯ ಹೆಣ್ಣುಮಕ್ಕಳು ಬಾಯಿಗೆ ಸೆರಗು ಅಡ್ಡ ಹಿಡಿದು ನಗುವುದನ್ನು ನೋಡಿದವರಿಗೆ ಇದು ಬರೀ ಶೋಕಿಯ ಚಿಕಿತ್ಸೆ ಅನ್ನಿಸುವುದಿಲ್ಲ.

ಹಾಗಂತ ಫ್ಲೋರೈಡ್ ಇಲ್ಲದ ಪೇಸ್ಟೇ ಬೇಕು ಅಂತ ಹುಬ್ಬಳ್ಳಿಯಲ್ಲಿ ಹೊಳೆ ನೀರು ಕುಡಿಯುವವರು ಹಟ ಹಿಡಿಯುವುದು ತಮಾಷೆ. ಸಿಹಿ ತಿಂದ ಮೇಲೆ ಬಾಯಿಯ ಬ್ಯಾಕ್ಟೀರಿಯಾ ಆಸಿಡ್ ಮಾಡಿ ಎನಾಮಲ್ ಕರಗಿಸುತ್ತವೆ, ಎಂಜಲು ಅದನ್ನು ಮತ್ತೆ ಸರಿಮಾಡಲು ಅರ್ಧ ಗಂಟೆಯೋ ಜಾಸ್ತಿಯೋ ಬೇಕು. ಒಮ್ಮೆಲೇ ನಾಲ್ಕು ಧಾರವಾಡ ಪೇಡೆ ತಿಂದು ಬಾಯಿ ಮುಕ್ಕಳಿಸಿದವನಿಗಿಂತ, ಗಂಟೆಗೊಮ್ಮೆ ಸಕ್ಕರೆ ಹಾಕಿದ ಅರ್ಧ ಚಹಾ ಹೀರುತ್ತಾ ಕೂರುವವನ ಹಲ್ಲು ಬೇಗ ಹಾಳಾಗುವುದು ಅದಕ್ಕೇ. ಫ್ಲೋರೈಡ್ ಇದ್ದರೆ ಕರಗಿದ ಜಾಗಕ್ಕೆ ಖನಿಜ ಬೇಗ ವಾಪಸ್ ಕೂರುತ್ತದೆ, ಮತ್ತೆ ಕರಗುವುದೂ ಕಷ್ಟ. ತೂತು ಬೀಳುವ ಮೊದಲಿನ ಬಿಳಿ ಮಚ್ಚೆ ಹೀಗೆಯೇ ನಿಂತುಹೋಗಬಹುದು. ನಮ್ಮ ದೇಶದಲ್ಲಿ ಪೇಸ್ಟಿನ ಫ್ಲೋರೈಡಿಗೆ 1000 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ ಸಾವಿರ ಭಾಗದ ಮಿತಿ ಇದೆ. ಡಬ್ಬದ ಹಿಂದೆ ಓದಿ ಕೊಳ್ಳಿ, ಎಷ್ಟೋ ಗಿಡಮೂಲಿಕೆ ಪೇಸ್ಟುಗಳಲ್ಲಿ ಅದು ಇರುವುದಿಲ್ಲ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿ ಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಪೇಸ್ಟ್ ಸಾಕು. ಉಗಿಯಲಿ, ನುಂಗದಿರಲಿ. ಹುಳುಕು ಜಾಸ್ತಿ ಇರುವ ಮಕ್ಕಳಿಗೆ ಡೆಂಟಿಸ್ಟ್ ಆರು ತಿಂಗಳಿಗೊಮ್ಮೆ ಫ್ಲೋರೈಡ್ ವಾರ್ನಿಶ್ ಹಚ್ಚುತ್ತಾರೆ, ಎರಡು ನಿಮಿಷದ ಕೆಲಸ. ಮುಂಡರಗಿ ಕಡೆಯಿಂದ ಬಂದವರಾದರೆ ಕುಡಿಯುವ ನೀರು ಯಾವುದು ಅಂತ ಮೊದಲೇ ಹೇಳಿ.

ಕೊನೆಗೆ ನನ್ನ ಕಸುಬಿನ ಮಾತು. ಡೆಂಟಿಸ್ಟ್ ಹತ್ತಿರ ಹೋಗುವಾಗ ನೀವು ದಿನವೂ ತಗೊಳ್ಳುವ ಗುಳಿಗೆ ಯಾವುದು ಅಂತ ಹೇಳಲೇಬೇಕು. ಬಿಪಿಗೆ ಕೊಡುವ ಆಮ್ಲೊಡಿಪಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಕೆಲವರಲ್ಲಿ ಒಸಡು ಬೆಳೆಯುವಂತೆ ಮಾಡುತ್ತವೆ. ಹೃದಯಕ್ಕೆ ರಕ್ತ ತೆಳು ಮಾಡುವ ಗುಳಿಗೆ ಇದ್ದರೆ ಹಲ್ಲು ಕಿತ್ತಾಗ ರಕ್ತ ಬೇಗ ನಿಲ್ಲುವುದಿಲ್ಲ, ಆದರೆ ನೀವಾಗಿ ನಿಲ್ಲಿಸಬೇಡಿ, ಅದು ಹಲ್ಲಿಗಿಂತ ದೊಡ್ಡ ಅಪಾಯ. ಎಲುಬಿನ ಸವೆತಕ್ಕೆ ವಾರಕ್ಕೊಂದು ಗುಳಿಗೆ ನುಂಗುವ ತಾಯಂದಿರು ಹಲ್ಲು ಕೀಳಿಸುವ ಮೊದಲು ಖಂಡಿತ ಹೇಳಬೇಕು, ಆ ಔಷಧ ಇದ್ದಾಗ ದವಡೆಯ ಗಾಯ ಮಾಯದೆ ಉಳಿಯುವುದುಂಟು. ಹೆಸರು ನೆನಪಿಲ್ಲ, ಚೀಟಿ ಕಳೆದಿದೆ ಅಂದರೆ ಗುಳಿಗೆಯ ಸ್ಟ್ರಿಪ್ಪನ್ನೇ ಒಯ್ಯಿರಿ. ನಾವು ಬಿಡಿಬಿಡಿಯಾಗಿ ಕತ್ತರಿಸಿ ಕೊಟ್ಟ ತುಂಡಿನಲ್ಲಿ ಎಷ್ಟೋ ಸಲ ಅರ್ಧ ಹೆಸರೂ ಇರುವುದಿಲ್ಲ. ಹೆಸರು ಪೂರ್ತಿ ಇರುವ ಕಡೆಯಿಂದಲೇ ಕತ್ತರಿಸಿ ಕೊಡಿ ಅಂತ ಅಂಗಡಿಯವರಿಗೆ ಹೇಳಿ, ಕೊಡುತ್ತಾರೆ.